ಕೆಂಪು ಧೂಳಿನ ಊರಲ್ಲಿ ಮನೆ ತಗೋತೀಯಾ, ಸೀನ?

ಪ್ರೀತಿಯ ಸೀನ,

ನಿನ್ನ ಮೆಸೇಜ್ ಓದಿ ಎರಡು ದಿನ ಸುಮ್ನೆ ಇದ್ದೆ. ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಲ್ಲಿ ಕಬ್ಬಿಣದ ಅದಿರು ಹಡಗಿಗೆ ತುಂಬುವ ಊರು ಪೋರ್ಟ್ ಹೆಡ್ಲೆಂಡ್‌ನಲ್ಲಿ ಬಾಡಿಗೆ ಜಾಸ್ತಿ, ಸಾಲ ಮಾಡಿ ಮನೆ ಕೊಂಡರೆ ಕಂತು ಬಾಡಿಗೆಯಲ್ಲೇ ತೀರುತ್ತದೆ ಅಂತ ಲೆಕ್ಕ ಹಾಕಿ ಕಳಿಸಿದ್ದೀಯ. ಲೆಕ್ಕ ತಪ್ಪಿಲ್ಲ. ಆದರೆ ಇದೇ ಲೆಕ್ಕವನ್ನು ನಾನು ಹಿಂದೊಮ್ಮೆ ನಮ್ಮ ಚಿಕ್ಕಪ್ಪನ ಬಾಯಲ್ಲಿ ಕೇಳಿದ್ದೇನೆ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಅವರು ಸಾಲಾಗಿ ಕಟ್ಟಿಸಿದ್ದ ನಾಲ್ಕು ಮನೆ ನೆನಪಿದೆಯಾ? ಗಣಿ ಇರೋವರೆಗೆ ಬಾಡಿಗೆಗೇನು ಬರ ಅನ್ನುತ್ತಿದ್ದರು. ಗಣಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿತ್ತು, ಸಿಗುವ ಚಿನ್ನಕ್ಕಿಂತ ತೆಗೆಯುವ ಖರ್ಚೇ ಹೆಚ್ಚಾಗಿತ್ತು. 2001ರ ಫೆಬ್ರವರಿ 28ಕ್ಕೆ ಬೀಗ ಬಿತ್ತು. ಚಿಕ್ಕಪ್ಪನ ಗೇಟಿಗೆ ತಂತಿಯಲ್ಲಿ ಕಟ್ಟಿದ್ದ ‘ಟು ಲೆಟ್’ ತಗಡು ಬಿಸಿಲಿಗೆ ಬಣ್ಣ ಬಿಟ್ಟಿತು, ತುಕ್ಕು ಹಿಡಿಯಿತು, ಕೊನೆಗೆ ಒಂದು ಕಡೆ ತಂತಿ ಹರಿದು ಓರೆಯಾಗಿ ನೇತಾಡಿತು. ಅವರು ಅದನ್ನು ನೆಟ್ಟಗೆ ಮಾಡಲೂ ಹೋಗಲಿಲ್ಲ. ಮಾರೋಣ ಅಂದರೆ ಕೊಳ್ಳುವವರು ಯಾರು? ಅಕ್ಕಪಕ್ಕದವರೂ ಮಾರೋಕೇ ನಿಂತಿದ್ದರು.

‘ಹೆಡ್ಲೆಂಡ್ ಗಣಿಗಳು ಮುಚ್ಚಿಲ್ಲವಲ್ಲ’ ಅಂತೀಯ. ನನಗೆ ಭಯ ಇರೋದೇ ಅಲ್ಲಿ. 2012ರ ಸುಮಾರಿಗೆ ಅಲ್ಲಿನ ಸಾಧಾರಣ ಮನೆಗೂ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ಆಗಿತ್ತು. ನಾಲ್ಕೈದು ವರ್ಷದಲ್ಲಿ ಅದರ ಮೂರನೇ ಒಂದು ಪಾಲೂ ಹುಟ್ಟಲಿಲ್ಲ. ಹಡಗುಗಳೇನೂ ನಿಂತಿರಲಿಲ್ಲ! 2011ರಲ್ಲಿ ಟನ್‌ಗೆ 180 ಅಮೆರಿಕನ್ ಡಾಲರ್ ದಾಟಿದ್ದ ಕಬ್ಬಿಣದ ಅದಿರು 2015ರ ಕೊನೆಗೆ 40ರ ಕೆಳಗೆ ಬಂತು, ಸರಿ. ಅದಕ್ಕಿಂತ ದೊಡ್ಡ ಏಟು ಇನ್ನೊಂದು. ಗಣಿ, ರೈಲು ದಾರಿ, ಬಂದರು ಕಟ್ಟೋಕೆ ಸಾವಿರಾರು ಜನ ಬೇಕು. ಕಟ್ಟಿದ ಮೇಲೆ ನಡೆಸೋಕೆ ಅಷ್ಟು ಜನ ಬೇಡ. ಇರುವವರಲ್ಲೂ ಎಷ್ಟೋ ಮಂದಿ ಆ ರಾಜ್ಯದ ರಾಜಧಾನಿ ಪರ್ತ್‌ನಿಂದ ವಿಮಾನದಲ್ಲಿ ಬಂದು, ಕ್ಯಾಂಪ್‌ನಲ್ಲಿ ಮಲಗಿ, ಸರದಿ ಮುಗಿದ ಮೇಲೆ ವಾಪಸ್ ಹಾರುವವರು. ನಿನ್ನ ಮನೆ ಹಿಡಿಯೋದು ಬಹುಶಃ ಕಂಪನಿ. ಕಂಪನಿ ಬಿಟ್ಟರೆ ಬೀದಿಗೆ ಬೀದಿಯೇ ಒಟ್ಟಿಗೆ ಖಾಲಿ.

ಸೈಕ್ಲೋನ್ ಬರುವ ಕರಾವಳಿ, ಇನ್ಶೂರೆನ್ಸ್ ಕಂತು ನಿನ್ನ ಲೆಕ್ಕದಲ್ಲಿ ಕಾಣಲಿಲ್ಲ. ಧೂಳೂ ಅಷ್ಟೇ. ಊರಿನ ಹಳೇ ಭಾಗ ವೆಸ್ಟ್ ಎಂಡ್‌ನಲ್ಲಿ ಅದಿರಿನ ಧೂಳಿನ ಕಾಟಕ್ಕೆ ಸರ್ಕಾರವೇ ಮನೆಗಳನ್ನು ಕೊಳ್ಳೋ ಯೋಜನೆ ತರಬೇಕಾಯಿತು. ಗಾಳಿ ಎದ್ದರೆ ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಪುಡಿ ನಾವು ತಿಂದಿದ್ದೀವಲ್ಲ, ನಿನಗೆ ನಾನು ಹೇಳಬೇಕಾ?

ಚಿಕ್ಕಪ್ಪನ ಮನೆಗಳಿಗೆ ಈಗ ಬಾಡಿಗೆಯವರಿದ್ದಾರೆ. ಬೆಳಗ್ಗೆ ಕತ್ತಲಲ್ಲೇ ಎದ್ದು, ಡಬ್ಬಿ ಹಿಡಿದು ಬೆಂಗಳೂರಿನ ರೈಲು ಹತ್ತುತ್ತಾರೆ. ಗಣಿ ಹೋದ ಮೇಲೆ ಊರು ಉಸಿರಾಡಿದ್ದು ನೂರು ಕಿಲೋಮೀಟರ್ ದೂರದ ಆ ಬೆಂಗಳೂರಿನಿಂದ. ಹೆಡ್ಲೆಂಡ್‌ಗೆ ಪರ್ತ್ 1,600 ಕಿಲೋಮೀಟರ್ ಆಚೆ.

ಬೇಡವೇ ಬೇಡ ಅನ್ನಲ್ಲ ಕಣೋ. ಒಂದು ವರ್ಷ ಮನೆ ಪೂರ್ತಿ ಖಾಲಿ ಬಿದ್ದರೂ ಸಂಬಳದಲ್ಲೇ ಕಂತು ಕಟ್ಟೋಕಾಗುತ್ತಾ, ನೋಡು. ಆಗುತ್ತೆ ಅಂದರೆ ಮುಂದಿನ ಮಾತು. ಇನ್ಶೂರೆನ್ಸ್‌ನವರು ಹೇಳೋ ಮೊತ್ತ ಕಳಿಸು, ಕೂತು ನೋಡೋಣ. ಚಿಕ್ಕಪ್ಪನಿಗೆ ಮಾತ್ರ ಈಗಲೇ ಹೇಳಬೇಡ, ರಾತ್ರಿಯೆಲ್ಲ ಫೋನ್ ಮಾಡ್ತಾರೆ.

ಇಂತಿ ನಿನ್ನ,
ನಾಗ
ಕೋಲಾರ