ರಾತ್ರಿಗಳ ಲೆಕ್ಕ ಹಾಕು, ಪುಟ್ಟಿ

ಮೈಸೂರು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಾವಿಲ್ಲಿ ಕ್ಷೇಮ. ನಿನ್ನ ಯುರೋಪ್ ಪ್ರವಾಸದ ವೀಸಾ ವಿಷಯ ಫೋನಿನಲ್ಲಿ ಹೇಳಿದರೆ "ಹ್ಞೂಂ ದೊಡ್ಡಮ್ಮ" ಅಂದು ಮರೆತುಬಿಡುತ್ತೀಯ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ವಿಮಾನ ಪ್ಯಾರಿಸ್‌ನಲ್ಲಿ ಇಳಿಯುವುದರಿಂದ ಫ್ರಾನ್ಸ್ ವೀಸಾ ಅಂತ ನಿನ್ನ ಗೆಳತಿ ಹೇಳಿದ್ದು ಅರ್ಧ ಸತ್ಯ. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಆ ವೀಸಾಕ್ಕೆ ಮೊದಲು ನೋಡುವುದು ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀಯ, ಇಲ್ಲವೇ ಯಾವ ದೇಶಕ್ಕಾಗಿ ಮುಖ್ಯವಾಗಿ ಹೊರಟಿದ್ದೀಯ ಅನ್ನುವುದನ್ನು. ಅದು ಸಮಸಮ ಬಂದರೆ ಮಾತ್ರ ಮೊದಲು ಕಾಲಿಡುವ ದೇಶ. ನಿನ್ನದು ಪ್ಯಾರಿಸ್ ನಾಲ್ಕು ರಾತ್ರಿ, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ಮೂರು, ಇಟಲಿಯ ಫ್ಲಾರೆನ್ಸ್ ಮತ್ತು ರೋಮ್ ಸೇರಿ ಐದು. ಹಾಗಾದರೆ ನಿನ್ನ ಅರ್ಜಿ ಇಟಲಿಗೆ. ಫ್ರಾನ್ಸಿನ ಸ್ಲಾಟ್, ಅಂದರೆ ಅರ್ಜಿ ಕೊಡಲು ಗೊತ್ತುಮಾಡುವ ದಿನ, ಬೇಗ ಸಿಗುತ್ತೆ ಅಂತ ಪ್ಯಾರಿಸ್‌ಗೆ ಸುಳ್ಳು ಹೋಟೆಲ್ ಬುಕಿಂಗ್ ತೋರಿಸುವ ಯೋಚನೆ ಇದ್ದರೆ ಬಿಟ್ಟುಬಿಡು.

ನಾನೇ ಈ ಹಳ್ಳಕ್ಕೆ ಬಿದ್ದವಳು. ನಿನ್ನಣ್ಣ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಹೋದ ಮೇಲೆ ನಾವು ಹೊರಟೆವಲ್ಲ, ಅವನ ಮನೆಯಲ್ಲಿ ಇಪ್ಪತ್ತು ರಾತ್ರಿ, ಪ್ಯಾರಿಸ್‌ನಲ್ಲಿ ನಾಲ್ಕು. ಪ್ಯಾರಿಸ್‌ನಲ್ಲೇ ಇಳಿಯುತ್ತೀರಿ, ಅಲ್ಲಿಗೇ ಹಾಕಿ ಅಂದ ಒಬ್ಬ ಏಜೆಂಟ್. ನಾನೂ ತಲೆಯಾಡಿಸಿದೆ. ವೀಸಾ ಅರ್ಜಿ ಕೇಂದ್ರದ ಕೌಂಟರ್‌ನಲ್ಲಿದ್ದ ಹುಡುಗಿ ಪೆನ್ನಿನ ತುದಿಯಿಂದ ಒಂದೊಂದೇ ರಾತ್ರಿ ಎಣಿಸಿ, ಫೈಲನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು. ನಿಮ್ಮ ದೊಡ್ಡಪ್ಪ ಅಲ್ಲಿ ಏನೂ ಅನ್ನಲಿಲ್ಲ. ಮನೆಗೆ ಬಂದ ಮೇಲೆ ಅಂದದ್ದು ಬೇರೆ. ಮತ್ತೆ ನೆದರ್ಲೆಂಡ್ಸ್ ಸ್ಲಾಟ್ ಹುಡುಕುವಷ್ಟರಲ್ಲಿ ಟಿಕೆಟ್ ಮುಂದೂಡಿ ದಂಡ ಕಟ್ಟಿದೆವು.

ಇನ್ನು ಊರಿನ ಮಾತು. ಪಾಸ್‌ಪೋರ್ಟ್‌ನಲ್ಲಿ ದಾವಣಗೆರೆ ವಿಳಾಸ ಇದೆ, ಅರ್ಜಿ ಹಾಕಲು ಬೆಂಗಳೂರಿಗೇ ಬರಬೇಕೇನೋ ಅಂದೆಯಲ್ಲ. ಲೆಕ್ಕಕ್ಕೆ ಬರುವುದು ಈಗ ನೀನು ವಾಸವಿರುವ ಜಾಗ. ಪುಣೆಯಲ್ಲಿ ಇರುವವಳಿಗೆ ಮುಂಬೈಯಲ್ಲಿರುವ ಇಟಲಿಯ ಕಾನ್ಸುಲೇಟ್, ಅಂದರೆ ಆ ದೇಶದ ಸರ್ಕಾರಿ ಕಚೇರಿ. ಬಾಡಿಗೆ ಕರಾರು, ಆಫೀಸಿನ ಪತ್ರ ಎರಡನ್ನೂ ಜೊತೆಗಿಡು, ಇಲ್ಲದಿದ್ದರೆ ಪುಣೆ ಅಂದದ್ದನ್ನು ಯಾರು ನಂಬಬೇಕು? ಅರ್ಜಿ ಕೇಂದ್ರದವರು ಕಾಗದ, ಬೆರಳಚ್ಚು ತೆಗೆದುಕೊಳ್ಳುವವರಷ್ಟೇ. ವೀಸಾ ಕೊಡುವುದು, ಬಿಡುವುದು ಕಾನ್ಸುಲೇಟಿನವರ ಕೈಯಲ್ಲಿದೆ. ಕೇಂದ್ರದವರನ್ನು ಕಾಡಿ ಪ್ರಯೋಜನವಿಲ್ಲ.

ಪ್ಯಾರಿಸ್‌ನಿಂದ ರೈಲಿನಲ್ಲಿ ಲಂಡನ್ನಿಗೂ ಒಂದು ದಿನ ಹೋಗಿ ಬರುತ್ತೇವೆ ಅಂದಿದ್ದೆ. ಬ್ರಿಟನ್ ಷೆಂಗೆನ್‌ನಲ್ಲಿ ಇಲ್ಲ, ಅದಕ್ಕೆ ಬೇರೆ ವೀಸಾ, ಬೇರೆ ದುಡ್ಡು. ಇನ್ನೊಂದು ಇದೆ: ಒಮ್ಮೆ ಹೊರಬಿದ್ದು ವಾಪಸ್ ಬರಲು ನಿನ್ನ ಷೆಂಗೆನ್ ವೀಸಾದಲ್ಲಿ ಎರಡನೇ ಪ್ರವೇಶ ಇರಬೇಕು. ಒಂದೇ ಪ್ರವೇಶದ ವೀಸಾ ಇಟ್ಟುಕೊಂಡು ಲಂಡನ್ನಿಗೆ ಹೋದರೆ ನಿನ್ನ ಇಂಟರ್‌ಲಾಕೆನ್, ರೋಮ್ ಎಲ್ಲ ಅಲ್ಲಿಗೇ ಮುಗಿಯಿತು. ನನ್ನ ಕೇಳಿದರೆ ಲಂಡನ್ ಈ ಸಲ ಬೇಡ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ ಅಂತ ಗಾಬರಿಯಾಗಬೇಡ, ಷೆಂಗೆನ್‌ನಲ್ಲಿದೆ.

ಹೊರಡುವ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಹದಿನೈದು ದಿನ ಮಾತ್ರ ಉಳಿದಾಗ ಓಡಬೇಡ. ದೊಡ್ಡವರಿಗೆ ಶುಲ್ಕ 90 ಯೂರೋ, ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ನಿರಾಕರಿಸಿದರೆ ಆ ದುಡ್ಡು ವಾಪಸ್ ಬರದು. ಪ್ರಯಾಣ ವಿಮೆ 30,000 ಯೂರೋಗೆ ಕಡಿಮೆ ಇರಕೂಡದು.

ಸ್ಲಾಟ್ ಸಿಕ್ಕ ದಿನ ಫೋನ್ ಮಾಡು. ಚಟ್ನಿಪುಡಿ ಎಷ್ಟು ಬೇಕೆಂದೂ ಆಗಲೇ ಹೇಳು, ಮೆಣಸಿನಕಾಯಿ ಬಿಸಿಲಿಗೆ ಹಾಕಬೇಕು.

ಇಂತಿ ನಿನ್ನ
ದೊಡ್ಡಮ್ಮ