ನಿಂತ ಆಟದ ಗೋಲುಗಳು

ಕಳೆದ ತಿಂಗಳು ನಮ್ಮ ಸಂಘದ ಮಕ್ಕಳ ಫುಟ್‌ಬಾಲ್ ಪಂದ್ಯ ಮಳೆಯಿಂದಾಗಿ ಅರ್ಧಕ್ಕೇ ನಿಂತಾಗ, ಎರಡು ಗೋಲು ಹೊಡೆದಿದ್ದ ಹುಡುಗಿಯೊಬ್ಬಳು ಒದ್ದೆ ಬೂಟಿನ ಲೇಸು ಬಿಚ್ಚುತ್ತ, "ಅಂಕಲ್, ನನ್ನ ಗೋಲು ಲೆಕ್ಕಕ್ಕೆ ಬರ್ತದಾ?" ಎಂದು ಕೇಳಿದಳು. ಸ್ಪರ್ಧೆಯ ನಿಯಮಾವಳಿ ಬೇರೆ ರೀತಿ ಹೇಳದಿದ್ದರೆ, ಅರ್ಧಕ್ಕೆ ನಿಂತ ಪಂದ್ಯವನ್ನು ಮೊದಲಿನಿಂದ ಆಡಬೇಕು ಎನ್ನುತ್ತದೆ ಫುಟ್‌ಬಾಲ್‌ನ ಕಾನೂನು. ಅವಳಿಗೆ ನಾನು ಕೂಡಲೇ ಉತ್ತರ ಕೊಡಲಿಲ್ಲ.

ಈ ನಿಯಮದ ಪೆಟ್ಟು ಸ್ಕಾಟ್ಲೆಂಡಿನ ಆಟಗಾರ ಡೆನಿಸ್ ಲಾ ಅವರಿಗೆ ಬಿದ್ದಷ್ಟು ಬೇರೆಯವರಿಗೆ ಬಿದ್ದಿರಲಾರದು. 1961ರ ಜನವರಿ 28ರಂದು ಇಂಗ್ಲೆಂಡಿನ ಎಫ್‌.ಎ. ಕಪ್‌ನಲ್ಲಿ ಲೂಟನ್ ತಂಡದೆದುರು ಅವರ ತಂಡ ಮ್ಯಾಂಚೆಸ್ಟರ್ ಸಿಟಿ ಎರಡು ಗೋಲು ಹಿಂದಿದ್ದಾಗ ಅವರೊಬ್ಬರೇ ಆರು ಗೋಲು ಹೊಡೆದರು; 69ನೆಯ ನಿಮಿಷದಲ್ಲಿ, ಮೈದಾನವೆಲ್ಲ ಕೆಸರಾಗಿ ಆಡಲು ಸಾಧ್ಯವಿಲ್ಲವೆಂದು ರೆಫರಿ ಪಂದ್ಯವನ್ನು ನಿಲ್ಲಿಸಿದರು. ಕೆಲವೇ ದಿನಗಳ ಬಳಿಕ ಮತ್ತೆ ಆಡಿದಾಗ ಲಾ ಇನ್ನೊಂದು ಗೋಲು ಹೊಡೆದರೂ ಸಿಟಿ 1–3ರಿಂದ ಸೋತಿತು. ಆ ಆರು ಗೋಲುಗಳು ಅಧಿಕೃತ ದಾಖಲೆಯಲ್ಲಿ ಇಲ್ಲ. 1988ರ ನವೆಂಬರ್‌ನಲ್ಲಿ ಬೆಲ್‌ಗ್ರೇಡ್‌ನಲ್ಲಿ ಮಂಜು ಕವಿದು ಯುರೋಪಿಯನ್ ಕಪ್ ಪಂದ್ಯ ನಿಂತಾಗ ಅಲ್ಲಿನ ರೆಡ್ ಸ್ಟಾರ್ ತಂಡ ಇಟಲಿಯ ಮಿಲಾನ್‌ಗಿಂತ 1–0 ಮುಂದಿತ್ತು. ಮರುದಿನ ಸೊನ್ನೆಯಿಂದ ಶುರುಮಾಡಿದ ಆಟವನ್ನು ಮಿಲಾನ್ ಪೆನಾಲ್ಟಿಯಲ್ಲಿ ಗೆದ್ದು, ಆ ಋತುವಿನ ಕಪ್ಪನ್ನೂ ಎತ್ತಿತು.

ಕಾರವಾರದ ಮಾಲಾದೇವಿ ಮೈದಾನದಲ್ಲಿ ಜೂನ್‌ ತಿಂಗಳ ಮಳೆಗೆ ಆಡಿ ಬೆಳೆದ ನನಗೆ ಇದು ಇಂದಿಗೂ ಒಪ್ಪುವುದಿಲ್ಲ. ಎಷ್ಟು ಜೋರಾಗಿ ಒದ್ದರೂ ಚೆಂಡು ನೀರು ನಿಂತಲ್ಲಿ ತಟ್ಟನೆ ನಿಂತುಬಿಡುತ್ತಿತ್ತು, ಗೋಲಿನ ಗುರುತಿಗೆಂದು ಇಟ್ಟ ಚಪ್ಪಲಿ ತೇಲಿ ಹೋಗುತ್ತಿತ್ತು. ಸಮುದ್ರದ ಕಡೆಯಿಂದ ಕಪ್ಪಿಟ್ಟು ಮಳೆ ಹೊಡೆದರೆ ಮನೆಗೆ ಓಡುತ್ತಿದ್ದೆವು. ಆದರೆ ಮರುದಿನ ಆಟ ಶುರುವಾಗುತ್ತಿದ್ದುದು ನಿನ್ನೆಯ ಲೆಕ್ಕದಿಂದಲೇ. ಬರೆದಿಟ್ಟವರು ಯಾರೂ ಇರಲಿಲ್ಲ, ಸೋಲುತ್ತಿದ್ದ ಕಡೆಯವರೂ ಸುಳ್ಳು ಹೇಳುತ್ತಿರಲಿಲ್ಲ.

ಒಣ ಮೈದಾನದಲ್ಲಿ ಎರಡೂ ತಂಡಗಳಿಗೆ ಸಮಾನ ಅವಕಾಶ ಸಿಗಲೆಂಬ ವಾದವನ್ನು ನಾನು ಬಲ್ಲೆ. ಆದರೆ ಕೆಸರು ಇಬ್ಬರ ಕಾಲಿಗೂ ಒಂದೇ ಆಗಿತ್ತಲ್ಲವೇ? ಇಟಲಿ, ಸ್ಪೇನ್‌ ದೇಶಗಳ ಲೀಗ್‌ಗಳು ಈಗ ನಿಂತ ನಿಮಿಷದಿಂದಲೇ ಪಂದ್ಯವನ್ನು ಮುಂದುವರಿಸುತ್ತವೆ. ನಮ್ಮ ಮಕ್ಕಳ ಪಂದ್ಯದ ಉಳಿದ ಅರ್ಧವನ್ನೂ 2–1ರಿಂದಲೇ ಆಡಿಸಬೇಕೆಂದು ಕ್ರೀಡಾ ಸಮಿತಿಯನ್ನು ಕೇಳಿಕೊಂಡಿದ್ದೇನೆ. ಆ ಮೂರು ಗೋಲುಗಳನ್ನು, ಹೊಡೆದವರ ಹೆಸರಿನೊಂದಿಗೆ, ಈ ಸಂಚಿಕೆಯ ಕ್ರೀಡಾ ಪುಟದಲ್ಲಿ ಅಚ್ಚುಹಾಕಿದ್ದೇವೆ.