ಈ ವಾರದ ಅಭ್ಯಾಸ: ಟ್ಯಾಬ್ ನೋಡಿ ಒಂದು ರಾಕ್ ಹಾಡು

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಬೇಸ್ ಗಿಟಾರ್ ಹೊಸದಾಗಿ ಹಿಡಿದವರು ಈ ವಾರ ದಿ ವೈಟ್ ಸ್ಟ್ರೈಪ್ಸ್ ತಂಡದ 2003ರ ‘ಸೆವೆನ್ ನೇಷನ್ ಆರ್ಮಿ’ ಹಾಡನ್ನು ಟ್ಯಾಬ್ (ತಂತಿಗಳನ್ನು ಗೆರೆಗಳಾಗಿ, ಒತ್ತಬೇಕಾದ ಜಾಗವನ್ನು ಅಂಕಿಯಾಗಿ ತೋರಿಸುವ ಬರಹ) ನೋಡಿ ಅಭ್ಯಾಸ ಮಾಡಬೇಕೆಂದು ಕೋರುತ್ತೇನೆ. ಟ್ಯಾಬ್‌ನ ನಾಲ್ಕು ಗೆರೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಅತಿ ದಪ್ಪನೆಯ ಇ ತಂತಿ, ಅದರ ಮೇಲೆ ಕ್ರಮವಾಗಿ ಎ, ಡಿ, ಜಿ; ಆದರೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಾಗ ದಪ್ಪ ತಂತಿಯೇ ಮೇಲಿರುವುದರಿಂದ ಮೊದಮೊದಲು ಅನೇಕರು ಇಲ್ಲಿಯೇ ಎಡವುತ್ತಾರೆ. ಗೆರೆಯ ಮೇಲಿನ ಅಂಕಿ, ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯಾದ ಫ್ರೆಟ್‌ನದೇ ಹೊರತು ಬೆರಳಿನದಲ್ಲ. 0 ಎಂದರೆ ತಂತಿಯನ್ನು ಒತ್ತದೆ ಮೀಟುವುದು.

ಈ ಹಾಡಿನ ಮುಖ್ಯ ಸಾಲನ್ನು ಎ ತಂತಿಯೊಂದರಲ್ಲೇ 7, 7, 10, 7, 5, 3, 2 ಎಂದು ನುಡಿಸಬಹುದು. (ಮೂಲದಲ್ಲಿ ಅದು ಬೇಸ್ ಅಲ್ಲವೇ ಅಲ್ಲ, ಸಾಮಾನ್ಯ ಗಿಟಾರಿನ ನಾದವನ್ನು, ಕಾಲಿನಿಂದ ಒತ್ತಿ ನಾದ ಬದಲಿಸುವ ಸಾಧನವಾದ ಪೆಡಲ್‌ನಿಂದ ಒಂದು ಸ್ಥಾಯಿ ಕೆಳಗಿಳಿಸಿದ್ದು.) ಯಾವ ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದನ್ನು ಟ್ಯಾಬ್ ಸಾಮಾನ್ಯವಾಗಿ ತಿಳಿಸುವುದಿಲ್ಲವಾದ್ದರಿಂದ, ಹಾಡನ್ನು ಹಲವು ಬಾರಿ ಕೇಳಿ, ಬಾಯಲ್ಲಿ ಗುನುಗಿ, ಕಾಲಿನಲ್ಲಿ ತಾಳ ಹಾಕಿ ಗಟ್ಟಿ ಮಾಡಿಕೊಂಡ ನಂತರವೇ ತಂತಿಗೆ ಕೈ ಹಚ್ಚಿರಿ. ತಾಳ ಬಡಿಯುವ ಸಾಧನವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ತಪ್ಪಿಲ್ಲದೆ ನಾಲ್ಕು ಸಲ ನುಡಿಸಿದವರು ಮಾತ್ರ ವೇಗ ಹೆಚ್ಚಿಸಬೇಕು. ಧ್ವನಿಮುದ್ರಣವನ್ನು ಭಾನುವಾರ ಸಂಜೆಯೊಳಗೆ ಇಲ್ಲಿಗೇ ಕಳುಹಿಸಿರಿ.